ಗೋಡೆಯ ಆ ಕಡೆ

ಹುಮನಾಬಾದ್
೨೧-೧೧-೨೦೨೪, ಗುರುವಾರ

ನನ್ನ ಮುದ್ದು ಮೊಮ್ಮಗಳು ದೀಪಾಲಿಗೆ,

ನಿನ್ನ ಆಯಿಯ ಮುತ್ತುಗಳು. ಕೆಮ್ಮು ಹೇಗಿದೆ? ಈ ಚಳಿಯಲ್ಲೂ ತಣ್ಣೀರಿನಲ್ಲೇ ತಲೆ ತೊಳೆಯುತ್ತಿದ್ದೀಯೆಂದು ನನಗೆ ಗೊತ್ತು, ಸುಳ್ಳು ಹೇಳಬೇಡ. ನರ್ಸಾಗುವವಳಿಗೂ ನಾನೇ ಬುದ್ಧಿ ಹೇಳಬೇಕು. ವಾರವಿಡೀ ನಿಮ್ಮ ಫೋನುಗಳನ್ನು ಹಾಸ್ಟೆಲ್ ಕಪಾಟಿನಲ್ಲಿ ಇಟ್ಟು ಬೀಗ ಹಾಕುತ್ತಾರಲ್ಲ, ಅದಕ್ಕೇ ಈ ಪತ್ರ. ಬಸವಕಲ್ಯಾಣದ ಬಸ್ಸಿನ ಕಂಡಕ್ಟರ್ ಅಜೀಮುದ್ದೀನ್ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಹೋಳಿಗೆ ಗೆಳತಿಯರಿಗೂ ಕೊಡು, ಪತ್ರ ನೀನೊಬ್ಬಳೇ ಓದು.

ದಸರೆಗೆ ಬಂದಾಗ ಅರ್ಧ ಕಟ್ಟಿದ್ದ ನಮ್ಮ ಓಣಿಯ ಬಸ್ ಸ್ಟಾಪು ಈಗ ಪೂರ್ತಿಯಾಗಿದೆ. ಅದರ ದೊಡ್ಡಸ್ತಿಕೆಯೆಲ್ಲ ನಮ್ಮ ಯಜಮಾನರದ್ದು, ನಿನ್ನ ಮುತ್ಯಾರದ್ದು. ಕಾಯುವ ಹೆಣ್ಣುಮಕ್ಕಳ ಮೇಲೆ ಗಂಡಸರ ಕಣ್ಣು ಬೀಳಬಾರದೆಂದು ಬಟ್ಟೆ ವ್ಯಾಪಾರಿಗಳನ್ನು ಕೂಡಿಸಿ, ಆಳೆತ್ತರಕ್ಕೂ ಮೇಲೆ ಗೋಡೆ ಎಬ್ಬಿಸಿದ್ದಾರೆ. ಒಳಗೆ ಹೋಗಲು ಒಂದೇ ಸಂದಿ, ಅದೂ ತಿರುವಿನದು. ಪುಂಡರು ಕೂಡಬಾರದೆಂದು ಪಕ್ಕದ ಬೇವಿನ ಕಟ್ಟೆಯ ತುಂಬ ಚೂಪು ಕಲ್ಲು ನೆಡಿಸಿದ್ದಾರೆ. ಪುಂಡರು ಎದ್ದು ಹೋದರು, ನಿಜ. ಬಳೆ ಮಾರುವ ಮುನ್ನಿ ಬೀಯೂ ಎದ್ದು ಹೋದಳು. ಆ ಕಟ್ಟೆಯ ಮೇಲೆ ಕೂತು, ಒಂಟಿಯಾಗಿ ನಿಂತ ಹುಡುಗಿ ಕಂಡರೆ "ಯಾರ ಮಗಳವ್ವಾ ನೀ? ಬಾ, ನನ್ನ ಬಾಜೂಕ ಕುಂದ್ರು" ಎನ್ನುತ್ತಿದ್ದಳಲ್ಲ? ನಿನಗೆ ಆಗ ಸಿಟ್ಟು ಬರುತ್ತಿತ್ತು. ಈಗ ಹಾಗೆ ಕೇಳುವವರು ಯಾರೂ ಇಲ್ಲ. ಆ ಗೋಡೆಯೊಳಗೆ ಹೊಕ್ಕರೆ ಹಗಲಿನಲ್ಲೇ ನಾನು ಎರಡೆರಡು ಸಲ ಹಿಂದೆ ತಿರುಗಿ ನೋಡುತ್ತೇನೆ.

ಗಯಾಬಾಯಿಯ ಮಗಳು ರತ್ನಮಾಲಾ ಗೊತ್ತಲ್ಲ, ಔಷಧಿ ಫ್ಯಾಕ್ಟರಿಗೆ ಹೋಗುವವಳು? ಹೋದ ವಾರ ಸಂಜೆ ಅಲ್ಲಿ ಒಬ್ಬಳೇ ಇದ್ದಾಗ ಯಾವನೋ ಹಿಂದಿನಿಂದ ಬಂದು ಬಾಯಿ ಮುಚ್ಚಿದ. ಹುಡುಗಿ ಗಟ್ಟಿ; ಊಟದ ಡಬ್ಬಿಯಿಂದ ಗೋಡೆ ಬಡಿದಿದ್ದಾಳೆ, ಅವನ ಹೆಬ್ಬೆಟ್ಟು ರಕ್ತ ಬರುವಂತೆ ಕಚ್ಚಿದ್ದಾಳೆ. ಅಷ್ಟರಲ್ಲಿ ಬಸ್ಸಿನ ಬೆಳಕು ಬಿತ್ತು, ಅವನು ಓಡಿದ. ಕತ್ತಲಲ್ಲಿ ಮುಖ ಕಂಡಿಲ್ಲ. ಅದೇ ಗೋಡೆಯ ಈ ಕಡೆ, ನಿನ್ನ ಹೆಸರಿನ ಬೋರ್ಡು ಹಚ್ಚಿದ ನಮ್ಮ ಅಂಗಡಿಯಲ್ಲಿ, ನಿನ್ನ ಮುತ್ಯಾ ಚಹಾ ಕುಡಿಯುತ್ತಿದ್ದರು. ಬಡಿದ ಸದ್ದು ಅವರಿಗೆ ಕೇಳಿಸಿದೆ. ಯಾರೋ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡರಂತೆ. ಮಗಳಿಗೆ ಗಂಡು ನೋಡುತ್ತಿದ್ದಾರೆ, ಗಂಡಸರ ಕಿವಿಗೆ ಹಾಕಬೇಡ ಎಂದು ಗಯಾಬಾಯಿ ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಗಾಗಿ ಕಾರಣ ಹೇಳದೆ, ಒಳಗಿದ್ದವರು ಕಾಣುವಂತೆ ಗೋಡೆಗೆ ಒಂದು ಜಾಳಿಗೆಯಾದರೂ ಇಡಿಸಿರೆಂದು ಮುತ್ಯಾರಿಗೆ ಗಂಟುಬಿದ್ದೆ. "ಜಾಳಿಗಿ ಇಟ್ಟರ ಗ್ವಾಡಿ ಯಾಕ ಬೇಕಾಗಿತ್ತ?" ಎಂದು ನಕ್ಕುಬಿಟ್ಟರು.

ಹೊಟ್ಟೆ ತುಂಬ ಉಣ್ಣು. ಕಿವಿಗೆ ಸ್ಕಾರ್ಫ್ ಕಟ್ಟಿಕೋ. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ದಾರಿ ಕಾಯುವ ಆಯಿ,
ಮೀರಾಬಾಯಿ

ತಾ.ಕ.: ಡಬ್ಬಿ ಕಟ್ಟುವಾಗ ಮುತ್ಯಾ ಊಟಕ್ಕೆ ಬಂದರು. ನಿನ್ನ ಕ್ಲಾಸಿನ ಹುಡುಗನಂತೆ, ನಿನ್ನೆ ಅಂಗಡಿಗೆ ಬಂದು, ದೀಪಾಲಿ ಶನಿವಾರ ಯಾವ ಬಸ್ಸಿಗೆ ಬರುತ್ತಾಳೆಂದು ಕೈಮುಗಿದು ಕೇಳಿದನಂತೆ. ಇವರು ಬಸ್ಸನ್ನೂ ಹೇಳಿದ್ದಾರೆ, ನಿನ್ನ ಹಾಸ್ಟೆಲ್ಲನ್ನೂ ಹೇಳಿದ್ದಾರೆ. ನಿನ್ನ ಕ್ಲಾಸಿನಲ್ಲಿ ಹುಡುಗರೇ ಇಲ್ಲವಲ್ಲೇ. "ಭಾಳ ಛಲೋ ಹುಡುಗ. ಪಾಪ, ಹೆಬ್ಬಟ್ಟಿಗಿ ಪಟ್ಟಿ ಕಟಗೊಂಡಿದ್ದ, ಅರಿಶಿಣ ಹಚ್ಚಂತ ಹೇಳಿ ಕಳಿಸೀನಿ" ಅಂದರು. ಆಣೆ ಮುರಿದು ಎಲ್ಲ ಹೇಳಿಬಿಟ್ಟೆ. ತಟ್ಟೆ ಸರಿಸಿ ಎದ್ದುಬಿಟ್ಟರು. ನಿಮ್ಮ ಹಾಸ್ಟೆಲ್ಲಿನವರು ಫೋನು ಎತ್ತುತ್ತಿಲ್ಲ. ಗುರುನಾಥ ಮಾಮಾ ಈಗಲೇ ಹೊರಟಿದ್ದಾನೆ; ಅವನಿಗಿಂತ ಮೊದಲು ಈ ಡಬ್ಬಿ ಮುಟ್ಟಿದರೂ ಮುಟ್ಟೀತು. ಮಾಮಾನ ಮುಖ ಕಾಣುವವರೆಗೆ, ಯಾರು ನನ್ನ ಹೆಸರು ಹೇಳಿ ಕರೆದರೂ, ಗೇಟಿನ ಹತ್ತಿರ ಬರಬೇಡ.