ನನ್ನ ಜಾಗದಲ್ಲಿ ಮರಳಿನ ಮೂಟೆ

ಜುಲೈ 2
ದೋಣಿ ಪಂದ್ಯಕ್ಕೆ ಬೆಳಗಿನ ತಾಲೀಮು. ಗಂಜಿ, ಹೆಸರುಕಾಳು, ಮತ್ತೆ ಪಂಬಾ ಹೊಳೆಗೆ. ಹಾವುದೋಣಿಯ ನಡುವೆ ಹಲಗೆಗೆ ಒನಕೆ ಕುಟ್ಟುತ್ತಾರೆ, ಆ ಪೆಟ್ಟಿಗೆ ಎಲ್ಲರೂ ಹುಟ್ಟು ಹಾಕಬೇಕು. ನನಗೆ ಎರಡು ಪೆಟ್ಟು ಕೇಳುತ್ತಿವೆ. ಇನ್ನೊಂದು ನೀರಿನ ಅಡಿಯಿಂದ. ಯಾರೋ ಬೇಕೆಂದೇ ಕುಟ್ಟುತ್ತಿದ್ದಾರೆ. ಇವತ್ತೂ ತಾಳ ತಪ್ಪಿತು. ಮುಂದೆ ಕೂರುವ ರೆಜಿಯ ಬೆನ್ನಿಗೆ ಹುಟ್ಟು ಬಡಿದು ರಕ್ತ ಬಂತು. ದೋಣಿ ಕಲಿಸುವ ವಾಸವನ್ ಆಶಾನ್ ಬೈಯಲಿಲ್ಲ. ಸುಮ್ಮನೆ ನೋಡಿದ. ಬೈದಿದ್ದರೂ ಸಹಿಸುತ್ತಿದ್ದೆ, ಆ ನೋಟ ಸಹಿಸಲಾರೆ.

ಜುಲೈ 5, ಮಧ್ಯಾಹ್ನ
ಚಾಡಿಕೋರ ಮುದುಕ, ಈ ಆಶಾನ್. ಆರೋಗ್ಯ ಕೇಂದ್ರದ ನರ್ಸಕ್ಕ, ಲಿಸಿ ಚೇಚಿಯನ್ನು ಕರೆದುಕೊಂಡು ಮನೆಗೇ ಬಂದ. ನಿದ್ದೆ ಬರುತ್ತಾ, ಯಾರಾದರೂ ಮಾತಾಡಿದ ಹಾಗೆ ಕೇಳುತ್ತಾ... ಪೊಲೀಸರ ಹಾಗೆ ಅವಳ ಪ್ರಶ್ನೆ. ದೃಷ್ಟಿ ತಗುಲಿದೆ, ಪೂಜೆ ಮಾಡಿಸುತ್ತೇನೆ ಎಂದಳು ಅಮ್ಮ.

"ಮಾಡಿಸಿ ಅಮ್ಮಾ, ಬೇಡ ಅನ್ನಲ್ಲ. ಆದ್ರೆ ನಾಳೆ ಡಾಕ್ಟರ್ ಹತ್ರ ಹೋಗೋಣ. ಈಗ ತಾನೇ ಶುರುವಾಗಿದೆ, ವಾಸಿ ಮಾಡ್ಕೋಬಹುದು. ವರ್ಷಗಟ್ಟಲೆ ಬಚ್ಚಿಟ್ಟು ಆಮೇಲೆ ಕರ್ಕೊಂಡು ಬರೋರನ್ನ ನೋಡಿದೀನಿ," ಎಂದಳು ಚೇಚಿ.

ಚಹಾದ ಲೋಟ ಅವಳತ್ತ ಬೀಸಿ ಎಸೆದೆ. ತಾಗಲಿಲ್ಲ.

ಜುಲೈ 19
ಡಾಕ್ಟರ್ ಕೊಟ್ಟ ಮಾತ್ರೆ. ಸದ್ಯ ದೋಣಿ ಬೇಡವಂತೆ. ಬಾಯಿ ಒಣಗುತ್ತದೆ, ಕೈ ಭಾರ. ತಾಲೀಮು ಬಿಟ್ಟವನಿಗೆ ಆ ವರ್ಷ ದೋಣಿಯಿಲ್ಲ — ಊರಿನ ಕಟ್ಟಳೆ. ದಂಡೆಯಿಂದ ನೋಡಿದೆ. ನನ್ನ ಜಾಗದಲ್ಲಿ ಮರಳಿನ ಮೂಟೆ! ಮನುಷ್ಯನೂ ಸಿಗಲಿಲ್ಲವೇ ಇವರಿಗೆ? ಊರಿಗೆಲ್ಲ ತೋರಿಸಿ ನಗಲು ಇಟ್ಟಿದ್ದಾರೆ. ನಾಯಿಗಳು.

ಜುಲೈ 20
ಸಂಜೆಯಾದರೆ ದೋಣಿಯವರು ಸರದಿಯ ಮೇಲೆ ಬಂದು ಜಗುಲಿಯಲ್ಲಿ ಕೂರುತ್ತಾರೆ. ಲಿಸಿ ಚೇಚಿಯ ಏರ್ಪಾಡು. ಕಾವಲು ಎನ್ನಬಾರದಂತೆ, ಜೊತೆ ಎನ್ನಬೇಕಂತೆ. ಇವತ್ತು ರೆಜಿ. ಮೂಟೆಯ ಮಾತೆತ್ತಿ ಬಾಯಿಗೆ ಬಂದಂತೆ ಬೈದೆ.

"ಲೇ ಸುನೋಜಾ, ನಿನ್ನ ಜಾಗಕ್ಕೆ ಎಷ್ಟು ಜನ ಕಾಯ್ತಿದ್ರು ಗೊತ್ತಾ? ಆಶಾನ್ ಒಬ್ಬನ್ನೂ ಕೂರಿಸಲಿಲ್ಲ. ಮನುಷ್ಯ ಕೂತ್ರೆ ಏಳಲ್ಲ, ಮೂಟೆ ಆದ್ರೆ ಸುನೋಜ ಬಂದಾಗ ಎತ್ತಿಡಬಹುದು ಅಂದ್ರು."

ಕಟ್ಟಳೆ ಮುರಿದನೇ ಆ ಮುದುಕ? ನಂಬಲಿಲ್ಲ. ಹೋಗೆಂದೆ. ಹೋಗಲಿಲ್ಲ. ಅವನೆದುರೇ ಅಳು ಬಂತು, ಅದಕ್ಕೂ ಅವನ ಮೇಲೆ ಸಿಟ್ಟು.

ಆಗಸ್ಟ್ 4
ದೋಣಿ ಹತ್ತಲು ಡಾಕ್ಟರ್ ಒಪ್ಪಿದರು. ಮೂಟೆಯನ್ನು ನಾನೇ ಎತ್ತಿ ದಂಡೆಗೆ ಒಗೆದೆ.

"ಎರಡು ಪೆಟ್ಟು ಕೇಳಿದ್ರೆ ಕಿವಿ ನಂಬಬೇಡ. ರೆಜಿ ಬೆನ್ನು ನೋಡ್ಕೊಂಡು ಹಾಕು," ಎಂದ ಆಶಾನ್. ಎಲ್ಲರೆದುರಿಗೆ ಹೇಳಬೇಕಿತ್ತೇ?

ಹೊಳೆಯ ತಿರುವಿನಲ್ಲಿ ಆ ಇನ್ನೊಂದು ಪೆಟ್ಟು ಶುರುವಾಯಿತು, ನೀರಿನಡಿಯಿಂದ, ಸಣ್ಣಗೆ. ರೆಜಿಯ ಬೆನ್ನ ಮೇಲೆ ನಾನು ಮಾಡಿದ ಗಾಯದ ಕಲೆ ಇನ್ನೂ ಇದೆ. ಅದನ್ನೇ ನೋಡಿದೆ. ಅದು ಬಾಗಿದಾಗ ಬಾಗಿದೆ, ಎದ್ದಾಗ ಎದ್ದೆ. ತಾಳ ತಪ್ಪಲಿಲ್ಲ. ಆಶಾನ್ ಇವತ್ತು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ದರಿದ್ರ. ಇವತ್ತಾದರೂ ನೋಡಬಾರದಿತ್ತೇ?

ಸಂಜೆ
ಹೊರಗೆ ಯಾರೋ ನನ್ನ ಹೆಸರು ಕೂಗುತ್ತಿದ್ದಾರೆ. ರೆಜಿಯೋ, ನೀರಿನಡಿಯ ಅದೋ... ಬಾಗಿಲು ತೆಗೆಯುವ ಮೊದಲು ಅಮ್ಮನನ್ನು ಕೇಳುತ್ತೇನೆ. ಅವಳಿಗೂ ಕೇಳಿಸಿದ್ದರೆ ಬಾಗಿಲು ತೆಗೆಯುತ್ತೇನೆ.