ಹಾಳೆಂದು ಬರೆಸಿಕೊಳ್ಳಬೇಕಾದ ಬೀದಿ

ಅಕ್ಟೋಬರ್ 2, ಬೆಳಗಿನ ಜಾವ

ರೈ ಬ್ರೆಡ್ ಒಲೆಗೆ ಹೋಯಿತು. ಪ್ರಾರ್ಥನೆಯೂ ಆಯಿತು. ಹಿಂಗೋಡೆ ಇನ್ನಷ್ಟು ಹೊರಕ್ಕೆ ಉಬ್ಬಿದೆ — ಕಪಾಟಿಗೂ ಗೋಡೆಗೂ ನಡುವೆ ಈಗ ಕೈ ತೂರುತ್ತದೆ. ಈ ಚಳಿಗಾಲ ದಾಟಿದರೆ ಹೆಚ್ಚು ಅಂದಿದ್ದಾನೆ ಮೇಸ್ತ್ರಿ. ಕಟ್ಟಿಸೋ ಶಕ್ತಿ ನಮಗಿಲ್ಲ. ಕಟ್ಟಿಸದಿದ್ದರೆ ಬೇಕರಿ ಮುಚ್ಚಬೇಕು. ಸಿಟಿಯವರು ಹೇಳೋ ಆ ಟಿಫ್ ಅನ್ನೋ ತೆರಿಗೆ ಯೋಜನೆ ಒಂದೇ ದಾರಿ.

ಸಂಜೆ

ಸಿಟಿ ಹಾಲ್‌ನಲ್ಲಿ ಸಭೆ. ನನಗೆ ತಿಳಿದದ್ದು ಇಷ್ಟು. ಇವತ್ತು ನಮ್ಮ ಬೀದಿಯಿಂದ ಹೋಗೋ ತೆರಿಗೆ ಎಂದಿನಂತೆ ಶಾಲೆಗೆ, ಕೌಂಟಿಗೆ. ಬೀದಿ ಸುಧಾರಿಸಿ ಕಟ್ಟಡಗಳ ಬೆಲೆ ಏರಿತು ಅನ್ನಿ, ಆ ಏರಿದ್ದರ ತೆರಿಗೆ ಮಾತ್ರ ಬೇರೆ ಪಾತ್ರೆಗೆ. ಹಾಲು ಅವರಿಗೆ, ಹೊಸದಾಗಿ ಕಟ್ಟೋ ಕೆನೆ ಬೀದಿಗೆ. ಆ ಕೆನೆ ನಂಬಿ ಸಿಟಿ ಈಗಲೇ ಸಾಲ ಎತ್ತಿ ಗೋಡೆ, ಚರಂಡಿ, ದೀಪ ಮಾಡಿಸುತ್ತದೆ. ಶಾಲೆ ಮಕ್ಕಳಿಗೆ ಕೆನೆ ಬೇಡವೇ? ಎದ್ದು ಕೇಳಿದೆ. "ಸಾಲ ತೀರಲಿ, ಆಮೇಲೆ ಅವರಿಗೂ" ಅಂದರು. ಅದೊಂದು ಕುಟುಕುತ್ತಿದೆ.

ಸೋಮವಾರ ರಾಜಧಾನಿ ಮ್ಯಾಡಿಸನ್‌ನಿಂದ ಒಬ್ಬ ಕಟ್ಟಡ ನೋಡೋಕೆ ಬರುತ್ತಾನಂತೆ. ಏನು ನೋಡೋಕೆ ಅಂತ ಯಾರೂ ಕೇಳಲಿಲ್ಲ.

ಅಕ್ಟೋಬರ್ 5

ಬೀದಿಗೆ ಬೀದಿಯೇ ಏಣಿ ಹತ್ತಿದೆ. ಪರಸ್ಥಳದವರು ಬರುವಾಗ ಕಿಟಕಿ ಕೊಳೆಯಾಗಿದ್ದರೆ ನಮ್ಮಮ್ಮಂದಿರು ಗೋರಿಯಿಂದ ಎದ್ದು ಬಂದಾರು! ಎದುರಿನ ಹಾರ್ಡ್‌ವೇರ್ ಅಂಗಡಿ ಡೆಲೋರಿಸ್ ಬೋರ್ಡಿಗೆ ಬಣ್ಣ ಹೊಡೆದಳು. ನನ್ನ ಗಂಡ ಓರ್ಲಿನ್ ಹಿಂಗೋಡೆ ಬಿರುಕಿಗೆಲ್ಲ ಗಾರೆ ಮೆತ್ತಿ, ಮೇಲೆ ಬಿಳಿ ಬಳಿದ. ಮದುವೆ ಮನೆ ಹಾಗಿದೆ.

ಅಕ್ಟೋಬರ್ 7

ಬಂದಿದ್ದ. ಪಾವ್ ವೂ ಅಂತ ಹೆಸರು, ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನರ ಹುಡುಗ, ವಿನಯವಂತ. ಏಲಕ್ಕಿ ಬನ್ ಎರಡು ತಿಂದ. ಗೋಡೆ ನೋಡಿ "ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಮ್ಮಾ" ಅಂದ. ಯಾಕೋ ಮುಖ ಸಪ್ಪಗಿತ್ತು.

ಅಕ್ಟೋಬರ್ 18

ಟಿಫ್ ಬಿದ್ದುಹೋಯಿತು. ಕಾನೂನಿನ ಪ್ರಕಾರ ಬೀದಿಯ ಅರ್ಧದಷ್ಟಾದರೂ ಹಾಳುಬಿದ್ದಿರಬೇಕಂತೆ. ಪಾವ್‌ಗೆ ಅಷ್ಟು ಹಾಳು ಸಿಗಲಿಲ್ಲ! ನಾವೇ ತಿಕ್ಕಿ ತೊಳೆದು...

ಡೆಲೋರಿಸ್ ಬುಸುಗುಡುತ್ತ ಬಂದಳು. "ಈ ಮಂಡಿ ಇಟ್ಟುಕೊಂಡು ಏಣಿ ಹತ್ತಿದ್ದು ಇದಕ್ಕೇನೇ ಆರ್ಡಿಸ್? ಸುತ್ತಿಗೆ ನನ್ನಂಗಡೀಲೇ ಇದೆ. ನಾಲ್ಕು ಕಿಟಕಿ ಒಡೆದರಾಯ್ತು."

"ಒಡೆದು ತೋರಿಸೋದು ಸುಳ್ಳು ಕಣೇ."

"ಬಳಿದು ಮುಚ್ಚಿದ್ದು?"



ಅಕ್ಟೋಬರ್ 20, ಭಾನುವಾರ

ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಹೇಳಿದೆ — ಆ ಹುಡುಗನ್ನ ಮತ್ತೆ ಕರೆಸೋಣ, ಇದ್ದದ್ದು ಇದ್ದ ಹಾಗೆ ತೋರಿಸೋಣ. ಓರ್ಲಿನ್ ಫೋರ್ಕ್ ಕೆಳಗಿಟ್ಟ.

"ನಮ್ಮಜ್ಜ ಕಟ್ಟಿದ್ದು. ಹಾಳು ಅಂತ ನಾನು ಬರೆಸಿಕೊಳ್ಳಲಾ?"

"ಗೋಡೆ ಬಿದ್ದ ಮೇಲೆ ಹಾಳು ಅಂತಲೂ ಯಾರೂ ಬರೆಯಲ್ಲ, ಓರ್ಲಿನ್."

ಗ್ಯಾರೇಜಿಗೆ ಎದ್ದು ಹೋದ. ಊಟ ಅರ್ಧ ಉಳಿಯಿತು.

ಅಕ್ಟೋಬರ್ 22

ನಾನೇ ಪಾವ್‌ಗೆ ಫೋನ್ ಮಾಡಿದೆ. ಶುಕ್ರವಾರ ಬರುತ್ತಾನೆ. ಆಯಾ ಕಟ್ಟಡದವರೇ ಒಳಗೆ ಕರೆದು ತೋರಿಸಬೇಕಂತೆ. ಡೆಲೋರಿಸ್ ಅಂಗಡಿ ಅಂಗಡಿಗೆ ಹೇಳಿ ಬಂದಳು. ಓರ್ಲಿನ್‌ಗೂ ಹೇಳಿದೆ. ಮತ್ತೆ ಗ್ಯಾರೇಜಿಗೆ ಹೋದ.

ಅಕ್ಟೋಬರ್ 25, ಮಧ್ಯಾಹ್ನ

ಪಾವ್ ಬಂದ. ಕಪಾಟು ಎಳೆಯೋಕೆ ಹೋದೆ. ಓರ್ಲಿನ್ ಬಂದು "ಸರಿ ಆ ಕಡೆ" ಅಂದ. ಕೈಯಲ್ಲಿ ಉಳಿ. ತಾನೇ ಮೆತ್ತಿದ ಗಾರೆ ತಾನೇ ಕಿತ್ತ. ಒಳಗಿನ ಸುಣ್ಣ ಜರಡಿ ಹಿಟ್ಟಿನ ಹಾಗೆ ಸುರಿಯಿತು. ಕಿವಿ ಕೆಂಪಗಾಗಿತ್ತು ಅವನದು.

"ಇದನ್ನ ಸೇರಿಸ್ಕೋ ತಮ್ಮಾ. ಮಹಡಿ ನೆಲಾನೂ ಹೋಗಿದೆ. ಅದನ್ನೂ ತೋರಿಸ್ತೀನಿ, ಬಾ."

ಪಾವ್ ಪೆನ್ ಹಿಡಿದು ಹಾಗೇ ನಿಂತ. "ಬರೀಲಾ ಸಾರ್?"

"ಬರಿ. ಸ್ವಲ್ಪ ಮೆಲ್ಲಗೆ ಬರಿ."

ಅಷ್ಟರಲ್ಲಿ ಎದುರಿನಿಂದ ಡೆಲೋರಿಸ್ ಕೂಗು — "ನಮ್ಮದು ನಿಮ್ಮದಕ್ಕಿಂತ ಹಾಳು ಕಣ್ರೋ! ಬೇಗ ಕಳಿಸಿ ಅವನ್ನ!"

ಈಗ ಇಬ್ಬರೂ ಮೇಲಿದ್ದಾರೆ. ಧೂಳು ಈ ಪುಟದ ಮೇಲೂ ಬೀಳುತ್ತಿದೆ. ಕರ್ತನೇ, ಅರ್ಧ ಬೀದಿಯಾದರೂ ಹಾಳಾಗಿರಲಿ ಅಂತ ಬೇಡಬಹುದೇ? ಇಂಥ ಪ್ರಾರ್ಥನೆ ನನಗೆ ಯಾರೂ ಕಲಿಸಿಲ್ಲ. ಓರ್ಲಿನ್ ಕರೀತಿದ್ದಾನೆ, ಏಣಿ ಹಿಡಿಯಬೇಕಂತೆ —