ನಿನ್ನ ರಕ್ತದ ಹುಡುಗಿ

ಮಿಲ್ವಾಕೀ,
ಮಂಗಳವಾರ, ಫೆಬ್ರವರಿ 19, 2019

ಪ್ರೀತಿಯ ಅಮ್ಮ,

ಫೋನ್ ಮಾಡಿದರೆ ಎತ್ತುವುದಿಲ್ಲ, ಬಾಗಿಲು ತಟ್ಟಿದರೆ ಪರದೆ ಅಲುಗಾಡುತ್ತದೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಭಾನುವಾರ ನಿನ್ನ ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕಿ, ಪೋಂಚ್ಕಿ ಬನ್ನುಗಳ ಪೊಟ್ಟಣವನ್ನು ಬಾಗಿಲ ಹಿಡಿಗೆ ನೇತುಹಾಕಿ ಬಂದೆ. ಒಳಗೆ ಪ್ಲಮ್ ಹೂರಣ ಇರುವುದು, ನಿನಗೆ ಇಷ್ಟವಾದದ್ದು. ತಿಂದೆಯೋ ಇಲ್ಲವೋ ಗೊತ್ತಿಲ್ಲ. ಪತ್ರವನ್ನು ಒಡೆಯದೆ ಎಸೆಯುವವಳು ನೀನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಷಮೆ ಕೇಳೋಣ ಎಂದು ಕುಳಿತೆ. ಮೂರು ಹಾಳೆ ಹರಿದೆ, ಬರುತ್ತಿಲ್ಲ. ಹೊಟ್ಟೆಕಿಚ್ಚು ಮೊದಲು ಹೊರಗೆ ಬಂದರೆ ಅದರ ಹಿಂದಿನದಕ್ಕೆ ದಾರಿ ಆದೀತು.

ಅಮ್ಮ, ನನಗೆ ಕೊರಿನ್‌ಳನ್ನು ಕಂಡರೆ ಆಗುವುದಿಲ್ಲ. ಹೋದ ವರ್ಷ ಅವಳು ನಿಮ್ಮ ರಕ್ತದಾನ ಕೇಂದ್ರಕ್ಕೆ ಕೆಲಸ ಕಲಿಯಲು ಬಂದ ವಾರದಿಂದಲೇ ಆಗುವುದಿಲ್ಲ. ಆಗ ಅವಳ ಮುಖವನ್ನೂ ನಾನು ನೋಡಿರಲಿಲ್ಲ. ನೀನು ಫೋನಿನಲ್ಲಿ, ಹುಡುಗಿಯ ಕೈ ಎಷ್ಟು ಹಗುರ, ಸೂಜಿ ಹೋದದ್ದೇ ಗೊತ್ತಾಗುವುದಿಲ್ಲ ಎಂದೆ. ನಾನು ಏಳು ವರ್ಷದಿಂದ ಹಲ್ಲಿನ ಡಾಕ್ಟರ ಬಳಿ ಕುಳಿತು ಜನರ ಹಲ್ಲು ಶುದ್ಧ ಮಾಡುತ್ತಿದ್ದೇನೆ. ನನ್ನ ಕೈ ಹಗುರವೋ ಭಾರವೋ ಎಂದು ನೀನು ಒಂದು ದಿನವೂ ಕೇಳಿಲ್ಲ.

ನನಗೆ ಎರಡು ವರ್ಷವಾದಾಗಿನಿಂದ ಶನಿವಾರ ಮಧ್ಯಾಹ್ನವೆಂದರೆ ವೆಂಡಲ್ ಮನೆಯ ನೆಲಮಾಳಿಗೆ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ದಾಳಗಳು. ನೀನು, ಲೊರೆಟಾ, ಲೊರೆಟಾಳ ಗಂಡ ಆರ್ಚಿ, ಪಾತ್ರ ಕಟ್ಟಿಕೊಂಡು ಆಡುವ ಆ ಆಟದಲ್ಲಿ ಮೂವರೂ ರಕ್ತಪಿಶಾಚಿಗಳು. ಕಥೆ ನಡೆಸುವ ವೆಂಡಲ್ ಊರಿನ ದೊರೆ. ಅಪ್ಪ ಮನೆ ಬಿಟ್ಟು ಹೋಗುವ ತನಕ ಅದೊಂದೇ ಕುಹಕ ಆಡುತ್ತಿದ್ದರು, ವಾರವೆಲ್ಲ ಊರವರ ರಕ್ತ ತೆಗೆಯುತ್ತಾಳೆ, ಶನಿವಾರ ಕುಡಿಯಲು ಹೋಗುತ್ತಾಳೆ ಎಂದು. ನಾನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದೆ. ಕೆಳಗೆ ನೀನು ಇಲ್ದಿಕೊ ಆಗಿರುತ್ತಿದ್ದೆ, ಹಂಗೇರಿಯ ಮುನ್ನೂರು ವರ್ಷದ ಒಡತಿ, ಯಾರಿಗೂ ತಲೆಬಾಗದವಳು. ಮನೆಗೆ ಬಂದಮೇಲೆ ಮತ್ತೆ ಸೂಪ್ ಬಿಸಿಮಾಡಿ, ನನ್ನ ಕೈಚೀಲ ಎಲ್ಲಿ ಎಂದು ಹುಡುಕುವ ಅಮ್ಮ. ನನಗೆ ಇಲ್ದಿಕೊ ಬೇಕಿತ್ತು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನಿಮ್ಮ ಮೇಜಿನ ಕಟ್ಟಳೆಗಳನ್ನು ನಿನಗೇ ಹೇಳುವುದು ವಿಚಿತ್ರ. ಆದರೂ ಬರೆಯುತ್ತೇನೆ, ನಾನು ಅರ್ಧಂಬರ್ಧ ತಿಳಿದು ಮಾಡಿದೆ ಎಂದು ನೀನು ಅಂದುಕೊಳ್ಳಬಾರದು. ಹೊಸಬರು ಮೇಜಿಗೆ ಬರಬೇಕಾದರೆ ಕೂತವರಲ್ಲೊಬ್ಬರು ಅವರನ್ನು ಮರಿಯಾಗಿ ಹುಟ್ಟಿಸಬೇಕು. ಒಬ್ಬರಿಗೆ ಜನ್ಮಕ್ಕೆ ಒಂದೇ ಸರದಿ. ಮೊದಲು ದೊರೆಯ ಅಪ್ಪಣೆ, ಆಮೇಲೆ ಹುಟ್ಟು, ಆಮೇಲೆ ಆಸ್ಥಾನದಲ್ಲಿ ಒಪ್ಪಿಸುವ ದಿನ. ಅಲ್ಲಿಯವರೆಗೆ ಆ ಮರಿಯ ವಿಷಯದಲ್ಲಿ ಏನೇ ತಪ್ಪಾದರೂ ಹುಟ್ಟಿಸಿದವಳ ತಲೆಗೆ. ಲೊರೆಟಾ, ಆರ್ಚಿ ತಮ್ಮ ಸರದಿಯನ್ನು ಎಂದೋ ಮುಗಿಸಿದರು, ಅವರ ಮರಿಗಳು ಆಟವನ್ನೇ ಬಿಟ್ಟು ಹೋದವು. ನೀನು ಮಾತ್ರ ಇಪ್ಪತ್ತಾರು ವರ್ಷ ನಿನ್ನದನ್ನು ಕಟ್ಟಿಟ್ಟುಕೊಂಡಿದ್ದೆ. ಯಾರು ಕೇಳಿದರೂ ಕೊಡಲಿಲ್ಲ. ಕೊನೆಗೆ ಹತ್ತು ತಿಂಗಳ ಪರಿಚಯದ ಹುಡುಗಿಗೆ ಕೊಟ್ಟೆ.

ಕೊಟ್ಟದ್ದನ್ನು ನನಗೆ ಹೇಳಿದ್ದೂ ನೀನೇ. ಆ ಗುರುವಾರ ಯಾರೋ ರಕ್ತ ಕೊಡುತ್ತಿದ್ದವರು ಕೊರಿನ್ ಕೈಯಲ್ಲೇ ಮೂರ್ಛೆ ಹೋದರಂತೆ, ಅವಳು ಕೆಲಸವೇ ಬೇಡ ಎಂದು ಊಟದ ಕೋಣೆಯಲ್ಲಿ ಕೋಟು ಹಾಕಿಕೊಂಡು ಅಳುತ್ತ ಕೂತಿದ್ದಳಂತೆ. ನೀನು ಶನಿವಾರದ ಅಪ್ಪಣೆಗೂ ಕಾಯಲಿಲ್ಲ. ಚೀಲದಿಂದ ಬುಶಾ ಅಜ್ಜಿಯ ಕೆಂಪು ಗುಂಡಿಗಳ ಡಬ್ಬಿ ತೆಗೆದೆ. ಅವಳ ಮುಂದಿನ ಬಟ್ಟಲಲ್ಲಿ ಹತ್ತು ಗುಂಡಿ ಹಾಕಿ, ಒಂದೊಂದಾಗಿ ಎತ್ತಿಕೊಂಡೆ, ಬಟ್ಟಲು ಬರಿದಾಗುವ ತನಕ. ಅದು ಅವಳ ಸಾವು. ಆಮೇಲೆ ನಿನ್ನ ಬಟ್ಟಲಿಂದ ಒಂದು ಗುಂಡಿ ತೆಗೆದು ಅವಳದ್ದಕ್ಕೆ ಹಾಕಿದೆ. ಅದು ಹುಟ್ಟು. ಹುಡುಗಿ ಕಣ್ಣೊರೆಸಿಕೊಂಡು ಕೆಲಸಕ್ಕೆ ವಾಪಸು ಹೋದಳು ಎಂದು ನೀನು ನಗುತ್ತಾ ಹೇಳಿದೆ. ನಾನು ಒಳ್ಳೆಯದಾಯಿತು ಎಂದೆ. ಫೋನಿಟ್ಟು, ಇದ್ದ ಪಾತ್ರೆಯನ್ನೆಲ್ಲ ತೊಳೆದೆ, ತೊಳೆದದ್ದನ್ನೂ ಮತ್ತೊಮ್ಮೆ ತೊಳೆದೆ. ಬುಶಾಳ ಮದುವೆ ಕೋಟಿನ ಗುಂಡಿಗಳು ಅವು. ನನ್ನ ಅಜ್ಜಿ, ಅವಳದ್ದಲ್ಲ.

ಒಪ್ಪಿಸುವ ದಿನ ನೋಡಲು ನಾನೂ ಬರುತ್ತೇನೆ ಎಂದಾಗ ನಿನಗೆ ಎಷ್ಟು ಖುಷಿಯಾಯಿತು. ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆ. ನನಗೆ ಸುಮ್ಮನೆ ಕೂರಲು ಬೇಜಾರಾಗಬಾರದೆಂದು ವೆಂಡಲ್ ಒಂದು ಮಧ್ಯಾಹ್ನದ ಮಟ್ಟಿಗೆ ಸಣ್ಣ ಪಾತ್ರ ಕೊಟ್ಟ, ಆಸ್ಥಾನದಲ್ಲಿ ದೀಪ ಹಚ್ಚುವ ಆಳು. ಮಾತಿಲ್ಲದ ಪಾತ್ರ. ನಾನು ಗೋಡೆಗೆ ಒರಗಿ ನಿಂತು ನಿಮ್ಮಿಬ್ಬರನ್ನೇ ನೋಡುತ್ತಿದ್ದೆ. ಕೊರಿನ್ ವಂಶಾವಳಿ ಒಪ್ಪಿಸುವಾಗ ಒಂದು ಹೆಸರು ಮರೆತಳು. ನೀನು ಮೇಜಿನ ಕೆಳಗೆ ಅವಳ ಮಂಡಿ ಮುಟ್ಟಿದೆ, ಅವಳಿಗೆ ನೆನಪಾಯಿತು. ನಾನು ಮೂರನೆಯ ಕ್ಲಾಸಿನಲ್ಲಿ ಕಾಗುಣಿತದ ಸ್ಪರ್ಧೆಯಲ್ಲಿ ತಡವರಿಸಿದಾಗ ನೀನು ಸಭೆಯಲ್ಲೇ ಇರಲಿಲ್ಲ. ಶನಿವಾರವಾಗಿತ್ತು.

ಆಗ ವೆಂಡಲ್ ವಾಡಿಕೆಯಂತೆ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದ. ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಗೆ ಯಾರೂ ಬಾಯಿ ತೆರೆದವರಿಲ್ಲ. ಆರ್ಚಿ ಆಗಲೇ ಚೀಸಿನ ತಟ್ಟೆಗೆ ಕೈ ಹಾಕಿದ್ದ. ನಾನು ಇದೆ ಎಂದೆ. ಮರಿ ಹುಟ್ಟಿದ್ದು ಗುರುವಾರ, ಅಪ್ಪಣೆ ಸಿಕ್ಕಿದ್ದು ಶನಿವಾರ ಎಂದೆ.

ಮೊದಲು ಎಲ್ಲರೂ ನಕ್ಕರು. ಆಮೇಲೆ ವೆಂಡಲ್, ನೀನು ದೀಪ ಹಚ್ಚುವ ಆಳು, ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದ. ಆಳಿಗೆ ಗೊತ್ತಿರಲು ದಾರಿಯೇ ಇಲ್ಲ, ಮಗಳಿಗೆ ಗೊತ್ತಿತ್ತು. ಮನೆಯ ಮಾತನ್ನು ಆಟಕ್ಕೆ ತಂದರೆ ಅದು ಲೆಕ್ಕಕ್ಕೆ ಇಲ್ಲ ಎಂದು ಲೊರೆಟಾ ಸಿಟ್ಟಿನಿಂದಲೇ ಹೇಳಿದಳು. ಕೊರಿನ್ ಮುಖ ಬಿಳಿಚಿಕೊಂಡಿತ್ತು. ನೀನು ಇಲ್ಲವೆಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ನೀನು ನನ್ನ ಕಡೆ ನೋಡಿದೆ. ಆಮೇಲೆ ವೆಂಡಲ್ ಕಡೆ ತಿರುಗಿದೆ.

"ಹುಡುಗಿ ಹೇಳಿದ್ದು ನಿಜ. ಅಪ್ಪಣೆ ಇಲ್ದೆ ಮಾಡ್ದೆ," ಎಂದೆ.

ಇಂಥ ತಪ್ಪಿಗೆ ಶಿಕ್ಷೆ ಎರಡೇ. ಮರಿ ಬೂದಿಯಾಗಬೇಕು, ಇಲ್ಲವೇ ಹುಟ್ಟಿಸಿದವಳು ಬೂದಿಯಾಗಬೇಕು. ಆಯ್ಕೆ ಹುಟ್ಟಿಸಿದವಳದ್ದು. ಇದು ನನಗೆ ಮೊದಲೇ ಗೊತ್ತಿತ್ತು ಅಮ್ಮ. ನೀನು ಅವಳನ್ನು ಬಿಟ್ಟುಕೊಡುತ್ತೀಯ ಎಂದುಕೊಂಡಿದ್ದೆ. ಹತ್ತು ತಿಂಗಳ ಹುಡುಗಿ ಎಲ್ಲಿ, ಇಪ್ಪತ್ತಾರು ವರ್ಷದ ಇಲ್ದಿಕೊ ಎಲ್ಲಿ ಎಂದುಕೊಂಡಿದ್ದೆ. ನೀನು ಒಂದು ನಿಮಿಷವೂ ಯೋಚಿಸಲಿಲ್ಲ. ಬಟ್ಟಲನ್ನು ಮಗುಚಿಟ್ಟು, ಇಲ್ದಿಕೊಳ ವಿವರವೆಲ್ಲ ಬರೆದಿಟ್ಟ ಹಾಳೆಯನ್ನು ನಡುವೆ ಹರಿದೆ. ಅಂಚಿನಲ್ಲಿ ಟೇಪು ಹಚ್ಚಿ ಹಚ್ಚಿ ಕಾಪಾಡಿದ್ದ ಹಾಳೆ ಅದು. ಮೂಲೆಯಲ್ಲಿ ನಾನು ಚಿಕ್ಕವಳಿದ್ದಾಗ ಚೆಲ್ಲಿದ ದ್ರಾಕ್ಷಿ ರಸದ ಕಲೆಯೂ ಇತ್ತು.

ನಿನಗೆ ಗೊತ್ತಾ, ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಹೊಟ್ಟೆಕಿಚ್ಚೇ. ಅವಳಿಗಾಗಿ ಇದನ್ನು ಹರಿದೆ, ನನಗಾಗಿ ಏನು ಹರಿದಿದ್ದೀಯ ಎಂದು ಕೂಗಬೇಕೆನಿಸಿತು. ಇಪ್ಪತ್ತೆಂಟು ವರ್ಷದ ಹೆಂಗಸು ನಾನು, ಬಾಡಿಗೆ ಮನೆ, ಕಾರು ಎಲ್ಲ ಇದೆ, ಎದೆಯೊಳಗೆ ಮಾತ್ರ ಆರು ವರ್ಷದ ಮಗು ಕಾಲು ಬಡಿಯುತ್ತಿತ್ತು. ಕಾರಿನಲ್ಲಿ ನೀನು ಆಡಿದ್ದು ಒಂದೇ ಮಾತು, ಬೆಲ್ಟ್ ಹಾಕಿಕೋ ಎಂದು. ಅಂದಿನಿಂದ ಮೂರು ಶನಿವಾರ ನೀನು ಆಟಕ್ಕೆ ಹೋಗಿಲ್ಲ. ಶುಕ್ರವಾರದ ಮೀನಿನೂಟಕ್ಕೂ ಬಂದಿಲ್ಲ ಎಂದು ಲೊರೆಟಾ ಹೇಳಿದಳು. ಕೆಲಸ ಮುಗಿಸಿ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತೀಯಂತೆ. ನಿನಗೆ ಇನ್ನೊಂದು ಲೋಕ ಇತ್ತು, ಅದನ್ನು ನಾನು ಕಿತ್ತುಕೊಂಡೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

ನಾನು ವೆಂಡಲ್‌ಗೆ ಫೋನ್ ಮಾಡಿ, ಅಮ್ಮ ಹೊಸ ಪಾತ್ರವಾಗಿ ಬರಲಾಗದೇ ಎಂದು ಕೇಳಿದೆ. ಬರಬಹುದು, ಆದರೆ ಅವರೂ ಯಾರದಾದರೂ ಮರಿಯಾಗಿಯೇ ಬರಬೇಕು ಎಂದ. ಸರದಿ ಉಳಿದಿರುವುದು ಒಬ್ಬಳಿಗೇ, ಕೊರಿನ್‌ಗೆ. ಹಾಗಾದರೆ ಅವಳೇ ನಿಮ್ಮಮ್ಮ ಬರ್ನಡೆಟ್‌ಳನ್ನು ಹುಟ್ಟಿಸಲಿ ಎಂದು ವೆಂಡಲ್ ಸುಲಭವಾಗಿ ಹೇಳಿಬಿಟ್ಟ. ಫೋನಿನ ಈ ಕಡೆ ನನ್ನ ಮೈ ಉರಿಯಿತು. ನೀನು ಅವಳ ಮಗುವಾಗುವುದೇ? ಅದೊಂದನ್ನು ನನ್ನಿಂದ ನೋಡಲಾಗುವುದಿಲ್ಲ. ಎರಡು ದಿನ ಅದನ್ನೇ ತಲೆಯಲ್ಲಿ ಹಾಕಿಕೊಂಡು ಯೋಚಿಸಿದೆ. ದಾರಿ ಒಂದೇ ಇತ್ತು, ಕಹಿಯಾದದ್ದು. ಬುಧವಾರ ನಿಮ್ಮ ಕೇಂದ್ರದ ಹೊರಗೆ, ನಿನ್ನ ಕಾರು ಹೋಗುವ ತನಕ ಕಾದು, ಕೊರಿನ್‌ಳನ್ನು ಹಿಡಿದೆ.

ನನ್ನನ್ನು ನಿನ್ನ ಮರಿ ಮಾಡಿಕೋ ಎಂದೆ. ಅವಳು ಕೈಗವಸು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಮಗೆ ನನ್ನ ಕಂಡ್ರೆ ಆಗಲ್ವಲ್ಲ," ಎಂದಳು.

"ಆಗಲ್ಲ," ಎಂದೆ. "ಆದ್ರೂ ಮಾಡು. ನೀನು ನನಗೆ ಕೊಟ್ರೆ ನನಗೂ ಒಂದು ಸರದಿ ಸಿಗುತ್ತೆ. ಅದನ್ನ ನಾನು ಅಮ್ಮನಿಗೆ ಕೊಡ್ತೀನಿ."

"ನನಗೂ ನಿಮ್ಮನ್ನ ಕಂಡ್ರೆ ಆಗಲ್ಲ. ದಿನಾ ನಿಮ್ಮದೇ ಮಾತು ಅವರದ್ದು. ನಡೀನ್ ಹಿಂಗೆ, ನಡೀನ್ ಹಂಗೆ. ನಾನು ಸೂಜಿ ಸರಿಯಾಗಿ ಹಿಡಿದ್ರೂ, ನಮ್ಮ ನಡೀನ್ ಕೈಯೂ ಹಿಂಗೇ ಹಗುರ ಅಂತಾರೆ."

ನಾನು ಅಲ್ಲೇ ಹಿಮದಲ್ಲಿ ನಿಂತುಬಿಟ್ಟೆ. ಅಮ್ಮ, ಇದನ್ನು ನನಗೆ ಹೇಳಲು ನಿನಗೇನಾಗಿತ್ತು?

ಮೊನ್ನೆ ಶನಿವಾರ ನನ್ನ ಹುಟ್ಟು ಆಯಿತು. ಈ ಸಲ ಅಪ್ಪಣೆ ಮೊದಲು, ಎಲ್ಲರ ಕೈ ಎತ್ತಿಸಿಯೇ. ನಿನ್ನ ಕುರ್ಚಿ ಖಾಲಿ ಇತ್ತು, ಅದರಲ್ಲಿ ಯಾರೂ ಕೂರಲಿಲ್ಲ. ಕೊರಿನ್ ನನ್ನ ಬಟ್ಟಲಿಂದ ಗುಂಡಿಗಳನ್ನು ಎತ್ತಿದಳು, ಬೇಕೆಂದೇ ನಿಧಾನವಾಗಿ. ಬಟ್ಟಲು ಬರಿದಾದ ಮೇಲೆ ಹುಟ್ಟುವ ತನಕ ಮಾತಾಡುವಂತಿಲ್ಲವಲ್ಲ, ಅವಳು ಆ ಹೊತ್ತಿನಲ್ಲಿ ಎದ್ದು ಹೋಗಿ ಸೋಡಾ ಕುಡಿದು ಬಂದಳು. ಆರ್ಚಿ ಬಿದ್ದು ಬಿದ್ದು ನಕ್ಕ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಅವಳು ಒಂದು ಗುಂಡಿ ಹಾಕಿ, "ಇದು ನನ್ನದು. ಇನ್ನು ನಿನ್ನದೂ ಹೌದು," ಎಂದಳು. ನೀನು ಅವಳಿಗೆ ಹೇಳಿದ ಮಾತಂತೆ ಅದು. ನಿನ್ನ ಮಾತು ನನಗೆ ಅವಳ ಬಾಯಿಂದ ಬರಬೇಕಾಯಿತು. ಅದಕ್ಕೂ ಹೊಟ್ಟೆ ಉರಿಯಿತು, ಆದರೆ ಕಣ್ಣೂ ತುಂಬಿತು. ಇಷ್ಟೊಂದು ಜನರ ಮುಂದೆ ಅತ್ತದ್ದಕ್ಕೆ ನಾಚಿಕೆಯಾಯಿತು, ಲೊರೆಟಾ ಕರವಸ್ತ್ರ ಕೊಟ್ಟಳು.

ಆ ಕೂಡಲೇ ನಾನು ನನ್ನ ಸರದಿಗೆ ಅಪ್ಪಣೆ ಕೇಳಿದೆ. ಹತ್ತು ನಿಮಿಷದ ಕೂಸು ಮರಿ ಹುಟ್ಟಿಸುವುದು ಎಲ್ಲೂ ಇಲ್ಲ ಎಂದು ವೆಂಡಲ್ ಗೊಣಗಿದ. ಕಟ್ಟಳೆಯಲ್ಲಿ ವಯಸ್ಸಿನ ಮಾತು ಎಲ್ಲಿದೆ ತೋರಿಸು ಎಂದು ಲೊರೆಟಾ ಮೇಜು ಕುಟ್ಟಿದಳು. ಅವನಿಗೆ ತೋರಿಸಲಾಗಲಿಲ್ಲ. ಅಪ್ಪಣೆಯನ್ನು ಬರೆಸಿ, ಸಹಿ ಹಾಕಿಸಿಕೊಂಡಿದ್ದೇನೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ತಾರೀಖು ನೋಡಿಕೋ, ಈ ಸಲ ಯಾರ ಆಕ್ಷೇಪಣೆಗೂ ಜಾಗವಿಲ್ಲ.

ಶನಿವಾರ ಎರಡು ಗಂಟೆಗೆ ಬಾ ಅಮ್ಮ. ನೀನು ನನ್ನ ಮರಿಯಾಗುತ್ತೀಯ. ಇಲ್ದಿಕೊಳ ಮುನ್ನೂರು ವರ್ಷ ವಾಪಸು ಬರುವುದಿಲ್ಲ, ಅದನ್ನು ಕೊಡಲು ನನ್ನ ಹತ್ತಿರವೂ ಇಲ್ಲ. ಆದರೆ ಒಪ್ಪಿಸುವ ದಿನದವರೆಗೆ ನಿನ್ನ ತಪ್ಪೆಲ್ಲ ನನ್ನ ತಲೆಗೆ. ಯಾರಾದರೂ ಎದ್ದು ನಿಂತು ಏನಾದರೂ ಅಂದರೆ ಹಾಳೆ ಹರಿಯುವವಳು ನಾನು. ನಾನೂ ಒಂದು ನಿಮಿಷವೂ ಯೋಚಿಸುವುದಿಲ್ಲ.

ಕ್ಷಮಿಸು. ಕೊನೆಗೂ ಬಂತು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ, ಈಗ ನಿನ್ನ ಮರಿಯ ಮರಿಯೂ ಆದ,
ನಡೀನ್

ತಾ. ಕ.: ಇಪ್ಪತ್ತಾರು ವರ್ಷ ಬರ್ನಡೆಟ್ ಆ ಸರದಿಯನ್ನು ಯಾಕೆ ಇಟ್ಟುಕೊಂಡಿದ್ದಳೋ ನಿನಗೇನಾದರೂ ಗೊತ್ತೇ ಎಂದು ಶನಿವಾರ ವೆಂಡಲ್ ಕೇಳಿದ. ಗೊತ್ತಿಲ್ಲ ಎಂದೆ. ಈ ಪತ್ರದಲ್ಲೂ ಗೊತ್ತಿಲ್ಲದವಳ ಹಾಗೆಯೇ ಬರೆದೆ. ನನಗೆ ಹದಿನೆಂಟು ತುಂಬಿದ ದಿನ ನೀನು ಕೇಕಿನ ಪಕ್ಕದಲ್ಲಿ ಒಂದು ಹೊಸ ಬಟ್ಟಲು ಇಟ್ಟು, ಶನಿವಾರ ನನ್ನ ಜೊತೆ ಬರುತ್ತೀಯಾ ಎಂದು ಕೇಳಿದ್ದೆ. ನನ್ನ ಗೆಳತಿಯರೆಲ್ಲ ನೋಡುತ್ತಿದ್ದರು. ನಾನು ನಕ್ಕು, ಆ ಬಟ್ಟಲಿಗೆ ಚಿಪ್ಸ್ ಸುರಿದು ಅವರ ಕಡೆ ಹಿಡಿದೆ. ಅದಾದ ಮೇಲೂ ನೀನು ಹತ್ತು ವರ್ಷ ಬೇರೆ ಯಾರನ್ನೂ ಕೇಳಲಿಲ್ಲ. ಶನಿವಾರ ನಾನು ಬಟ್ಟಲು ಮುಂದಿಟ್ಟಾಗ ನಿನಗೆ ನಗಬೇಕೆನಿಸಿದರೆ ನಗು, ಆದರೆ ಬಾ.